ಅಂಗಳದ ತುಳಸಿಕಟ್ಟೆ, ಮೂಲೆಯ ಬನ: ಕೆಲಸ ಎಲ್ಲಿಗೆ ಬಂತು

ಬೇಸ ತಿಂಗಳು (ನಮ್ಮ ತುಳು ಲೆಕ್ಕ, ಮೇ-ಜೂನ್)

ಹಳೇ ಕಟ್ಟೆ ಒಡೆಸಿಯಾಯಿತು. ಮನೆ ಕೊಳ್ಳುವಾಗಲೇ ಅಂಗಳದಲ್ಲಿದ್ದ ರೆಡಿಮೇಡ್ ಸಿಮೆಂಟ್ ಕಟ್ಟೆ. ಗುಲಾಬಿ ಬಣ್ಣ, ನಾಲ್ಕೂ ಬದಿಗೆ ನವಿಲು. ಚೆಂದವೇನೋ ಇತ್ತು, ಆದರೆ ಪ್ರತಿ ಮಳೆಗಾಲಕ್ಕೂ ಗಿಡ ಸಾಯುತ್ತಿತ್ತು. ಅಮ್ಮ ದೃಷ್ಟಿ ಅಂದರು, ಪಕ್ಕದ ಮನೆಯವರು ಹುಳ ಅಂದರು. ಒಡೆದಾಗ ಗೊತ್ತಾಯಿತು: ತಳ ಪೂರ್ತಿ ಕಾಂಕ್ರೀಟ್, ನೀರು ಹೋಗಲು ಒಂದು ತೂತೂ ಇಲ್ಲ. ಮಣ್ಣು ಕಪ್ಪಗೆ ಕೊಳೆತು ನಾರುತ್ತಿತ್ತು. ಬೇರು ಹಿಡಿದು ಎಳೆದರೆ ಸಿಪ್ಪೆ ಮಾತ್ರ ಕೈಗೆ ಬಂತು, ಒಳಗಿನ ನಾರು ಮಣ್ಣಲ್ಲೇ ಉಳಿಯಿತು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಂಥಾ ತೊಟ್ಟಿಯಲ್ಲಿ ತುಳಸಿ ಬದುಕುವುದು ಹೇಗೆ?

ಹೊಸದಕ್ಕೆ ಕೆಂಪುಕಲ್ಲು. ಕೋರೆಯಿಂದ ಆಗಷ್ಟೇ ಬಂದ ಕಲ್ಲು ಮೆತ್ತಗಿರುತ್ತದೆ, ಹೇಳಿದ ಆಕಾರಕ್ಕೆ ಕೆತ್ತಬಹುದು. ಗಾಳಿ ಬಿಸಿಲಿಗೆ ಒಣಗಿದ ಹಾಗೆ ಗಟ್ಟಿಯಾಗುತ್ತದೆ. ಎರಡಡಿ ಚೌಕ, ಮೂರಡಿ ಎತ್ತರ. ಮೇಸ್ತ್ರಿಗೆ ಇದು ಅಷ್ಟು ಹಿಡಿಸಲಿಲ್ಲ.

“ಅಕ್ಕ, ಹೀಗೇ ಬಿಟ್ಟರೆ ಪಾಚಿ ಹಿಡಿಯುತ್ತದೆ. ಟೈಲ್ಸ್ ಹಾಕುವ, ತೊಳೆಯಲಿಕ್ಕೆ ಸುಲಭ.”

“ಹಿಡಿಯಲಿ ಮೇಸ್ತ್ರಿ. ತಳಕ್ಕೆ ಮಾತ್ರ ಸಿಮೆಂಟ್ ಮುಟ್ಟಿಸಬೇಡಿ.”

ಕಟ್ಟೆಗೆ ತಳವೇ ಇಲ್ಲ, ಒಳಗಿನ ಮಣ್ಣು ನೇರ ಅಂಗಳದ ಮಣ್ಣಿಗೆ ಸೇರುತ್ತದೆ. ಅಡಿಯಲ್ಲಿ ಕಲ್ಲಿನ ಚೂರು, ಮೇಲೆ ಜಲ್ಲಿ, ಮರಳು. ಕೊನೆಗೆ ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಮತ್ತು ಒಣ ಸೆಗಣಿ ಹುಡಿ.

ಕಾರ್ತೆಲ್ (ಜೂನ್-ಜುಲೈ)

ದೀಪದ ಗೂಡು ಯಾವ ಕಡೆಗೆ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ನಮ್ಮದು ಪಡುಮುಖದ ಮನೆ. ಗೂಡು ರಸ್ತೆಯಿಂದ ಕಾಣಬೇಕು ಅಂತ ಚಿಕ್ಕಪ್ಪನ ಆಸೆ. ಆದರೆ ಇಲ್ಲಿ ಮಧ್ಯಾಹ್ನದಿಂದ ಕಡಲ ಗಾಳಿ ಬೀಸುತ್ತದೆ, ಮುಸ್ಸಂಜೆಗೆ ದೀಪ ಹಚ್ಚುವ ಹೊತ್ತಿಗೂ ಪೂರ್ತಿ ನಿಂತಿರುವುದಿಲ್ಲ. ಗೂಡಿನ ಬಾಯಿ ಪಡುವಣಕ್ಕಿದ್ದರೆ ಬೆಂಕಿಪೊಟ್ಟಣ ಖಾಲಿ ಆಗುವುದೇ ಸೈ. ಹಾಗಾಗಿ ಬಾಯಿ ಮನೆಯ ಕಡೆಗೆ. ಗಾಳಿ ಕಟ್ಟೆಯ ಬೆನ್ನಿಗೆ ಬಡಿಯುತ್ತದೆ, ದೀಪ ಹೊಸ್ತಿಲಿಗೆ ಕಾಣುತ್ತದೆ. ಚಿಕ್ಕಪ್ಪ ಇನ್ನೂ ಸಿಟ್ಟಲ್ಲಿದ್ದಾರೆ.

ಆಟಿ (ಜುಲೈ-ಆಗಸ್ಟ್)

ಜಡಿಮಳೆ. ಕಟ್ಟೆಯಲ್ಲಿ ಗಿಡ ಇನ್ನೂ ಇಲ್ಲ, ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಜೋರು ಮಳೆ ಬಂದು ನಿಂತ ಮೇಲೆ ಛತ್ರಿ ಹಿಡಿದು ನೋಡಿ ಬರುವುದೇ ಕೆಲಸ. ನೀರು ಎಲ್ಲೂ ನಿಲ್ಲುತ್ತಿಲ್ಲ.

ಈ ತಿಂಗಳ ಕೆಲಸ ಇನ್ನೊಂದು. ಹಿತ್ತಿಲ ತೆಂಕು ಮೂಲೆಯನ್ನು ಬನ ಮಾಡುವ ಅಂತ. ನಮ್ಮಲ್ಲಿ ಬನ ಅಂದರೆ ನಾಗನ ಕಲ್ಲಿರುವ ಮರಗಳ ತೋಪು, ಹಾಗಾಗಿ ಕೇಳಿದವರೆಲ್ಲ ಮೊದಲು ಕೇಳಿದ್ದು “ನಾಗನ ಕಲ್ಲು ಹಾಕ್ತೀರಾ?” ಇಲ್ಲ. ನಮ್ಮ ಕುಟುಂಬದ ಮೂಲ ಬನ ಬೇರೆ ಊರಲ್ಲಿ ಉಂಟು. ನಾಗರಪಂಚಮಿಗೆ ಹಾಲು, ಸೀಯಾಳ, ಹಿಂಗಾರ (ಅಡಿಕೆ ಹೂ) ಹಿಡಿದು ಅಲ್ಲಿಗೇ ಹೋಗುವುದು, ತನು ಎರೆಯುವುದು (ಕಲ್ಲಿಗೆ ಹಾಲು, ಸೀಯಾಳದ ಅಭಿಷೇಕ), ತಂಬಿಲ ಅನ್ನುವ ಪೂಜೆ ಮಾಡಿಸುವುದು. ನಾಗನನ್ನು ಕೂರಿಸುವುದು ಗಾರ್ಡನ್ ಮಾಡಿದಷ್ಟು ಹಗುರದ ಕೆಲಸ ಅಲ್ಲ. ಪ್ರತಿಷ್ಠೆ ಆಗಬೇಕು, ಶುದ್ಧ ನೋಡಿಕೊಳ್ಳಬೇಕು, ವರ್ಷ ವರ್ಷ ತಪ್ಪದೆ ನಡೆಸಬೇಕು. ಸುಮ್ನೆ ಚೆಂದಕ್ಕೆ ಇಡುವುದಲ್ಲ.

ನನಗೆ ಬೇಕಿದ್ದದ್ದು ಬನದ ಮರಗಳು, ಮತ್ತೆ ಕತ್ತಿ ಮುಟ್ಟಿಸದ ಒಂದು ಜಾಗ. ಈಗ ಎಷ್ಟೋ ಕಡೆ ಬನ ಅಂದರೆ ಗ್ರಾನೈಟ್ ಹಾಸು, ಸ್ಟೀಲ್ ಕಂಬಿ, ಮೇಲೊಂದು ಶೀಟು. ಮರ ಕಡಿದಾಗಿರುತ್ತದೆ, ಕಲ್ಲು ಬಿಸಿಲಲ್ಲಿ ಕೂತಿರುತ್ತದೆ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಹೇಳುತ್ತೇನೆ: ನೆರಳು ಹೋದ ಮೇಲೆ ಅದು ಎಂಥಾ ಬನ?

ರೆಂಜೆ (ಬಕುಳ), ಸುರಗಿ, ಸುರಹೊನ್ನೆ ಒಂದೊಂದು ನೆಟ್ಟೆ. ರೆಂಜೆ ತುಂಬಾ ನಿಧಾನ, ಹೂ ಕಾಣಲು ವರ್ಷಗಟ್ಟಲೆ ಕಾಯಬೇಕು. ಸುರಹೊನ್ನೆ ಉಪ್ಪುಗಾಳಿಗೂ ಜಗ್ಗುವುದಿಲ್ಲ, ಕಡಲ ಬದಿಯದೇ ಮರ. ಅದರ ಬೀಜದ ಎಣ್ಣೆಯಲ್ಲಿ ಹಿಂದೆ ದೀಪ ಉರಿಸುತ್ತಿದ್ದರು. ಬಿದ್ದ ಎಲೆ ಗುಡಿಸುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಅಮ್ಮನಿಗೆ ಮಾತ್ರ ಹಿಡಿಸೂಡಿ ಕೆಳಗಿಡಲು ಕಷ್ಟ.

ಸೋಣ (ಆಗಸ್ಟ್-ಸೆಪ್ಟೆಂಬರ್) ಕಳೆದು

ಮಳೆ ಸ್ವಲ್ಪ ಬಿಟ್ಟಿತು, ತುಳಸಿ ನೆಟ್ಟೆವು. ಒಂದು ಕೃಷ್ಣ ತುಳಸಿ, ಒಂದು ಹಸಿರು ಎಲೆಯದು. ಸಸಿ ಕೊಟ್ಟದ್ದು ಎರಡು ಮನೆ ಆಚೆಯ ಅಜ್ಜಿ. 2018ರಿಂದ 2020ರವರೆಗಿನ ಪಲಿಮಾರು ಪರ್ಯಾಯದಲ್ಲಿ, ಅಂದರೆ ಪೂಜೆಯ ಸರದಿ ಪಲಿಮಾರು ಮಠದ್ದಾಗಿದ್ದಾಗ, ಉಡುಪಿ ಕೃಷ್ಣ ಮಠದಲ್ಲಿ ದಿನಾ ಲಕ್ಷ ತುಳಸಿ ಅರ್ಚನೆ ನಡೆಯುತ್ತಿತ್ತಲ್ವಾ, ಆಗ ಅವರು ಹಿತ್ತಿಲ ತುಂಬಾ ತುಳಸಿ ಬೆಳೆಸಿದ್ದರು. ಬೀಜ ಬಿದ್ದು ಈಗಲೂ ತಾನಾಗಿ ಹುಟ್ಟುತ್ತದೆ.

ತುಳಸಿಗೆ ಕದಿರು (ಹೂಗೊಂಚಲು) ಬರತೊಡಗಿದೆ. ಅದನ್ನು ಎಳೆಯದರಲ್ಲೇ, ಕೆಳಗಿನ ಜೋಡಿ ಎಲೆಯ ಸ್ವಲ್ಪ ಮೇಲಕ್ಕೆ ಉಗುರಲ್ಲಿ ಚಿವುಟಬೇಕು. ಆ ಎರಡು ಎಲೆಯ ಬುಡದಿಂದ ಎರಡು ಹೊಸ ಚಿಗುರು ಬರುತ್ತವೆ, ಗಿಡ ಪೊದೆಯಾಗುತ್ತದೆ. ಬೀಜ ಕಟ್ಟಲು ಬಿಟ್ಟರೆ ಗಿಡಕ್ಕೆ ಬೇಗ ಮುಪ್ಪು. ಚಿವುಟಿದ್ದೆಲ್ಲ ದೇವರಿಗೆ ಹೋಗುತ್ತದೆ. ದ್ವಾದಶಿ ದಿನ ಮುಟ್ಟಲು ಬಿಡುವುದಿಲ್ಲ ಅಮ್ಮ. “ಇವತ್ತೊಂದು ದಿನ ಅದನ್ನು ಅದರಷ್ಟಕ್ಕೆ ಬಿಡು ಮಾರಾಯ್ತಿ!”

ಈಗ

ಅಂಗಳಕ್ಕೆ ಇಂಟರ್‌ಲಾಕ್ ಹಾಕುವ ಅಂತ ಮೇಸ್ತ್ರಿ ಮತ್ತೆ ಶುರು ಮಾಡಿದ್ದಾರೆ. ಕಟ್ಟೆಯ ಸುತ್ತ ಮೂರಡಿ ಮಣ್ಣು ಹಾಗೇ ಇರಲಿ ಅಂದೆ. ದೀಪಾವಳಿಗೆ ಬಲಿಯೇಂದ್ರನಿಗೆ (ಬಲಿ ಚಕ್ರವರ್ತಿಗೆ) ಹಾಲೆ ಮರದ ಕಂಬ ಊರುವುದು ಕಟ್ಟೆಯ ಹತ್ತಿರವೇ. ಇಂಟರ್‌ಲಾಕಿನ ಮೇಲೆ ಎಲ್ಲಿ ಊರುವುದು? ಅಲ್ಲದೆ ಶೇಡಿಯಲ್ಲಿ (ಬಿಳಿ ಜೇಡಿಮಣ್ಣು) ಗೆರೆ ಎಳೆದರೆ ಸೆಗಣಿ ಸಾರಿಸಿದ ನೆಲದ ಮೇಲೆ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಉತ್ಥಾನ ದ್ವಾದಶಿಯ ಪೂಜೆಗೆ ನೆಲ್ಲಿ ಕೊಂಬೆ ನಿಲ್ಲಿಸಲು ಕಟ್ಟೆಯ ಒಳಬದಿಯಲ್ಲಿ ಒಂದು ತುಂಡು ಪೈಪ್ ಹೂತಿಟ್ಟಿದ್ದೇನೆ. ಹೋದ ವರ್ಷದವರೆಗೆ ಬೈಹಗ್ಗದಲ್ಲಿ ಗಿಡಕ್ಕೇ ಕಟ್ಟುತ್ತಿದ್ದೆವು, ಎಳೆ ಗೆಲ್ಲು ಮುರಿಯುತ್ತಿತ್ತು.

ಬನದಲ್ಲಿ ಕೇದಗೆ ಒಂದು ಬಾಕಿ. ಬೇಕು ಅಂತ ನನಗೆ ತುಂಬಾ ಆಸೆ. ಆದರೆ ಅದು ಮುಳ್ಳು, ಜಾಗ ಸಿಕ್ಕರೆ ಹಬ್ಬುತ್ತದೆ, ಆ ಮೂಲೆಯಲ್ಲೇ ಬಾವಿಗೆ ಹೋಗುವ ದಾರಿ. ಚಿಕ್ಕ ಜಾಗದಲ್ಲಿ ಕೇದಗೆ ಹದ್ದುಬಸ್ತಿನಲ್ಲಿ ಇಟ್ಟವರು ಯಾರಾದರೂ ಇದ್ದರೆ ಹೇಳಿ, ಅಷ್ಟರವರೆಗೆ ಆ ಗುಂಡಿ ತೆಗೆಯುವುದಿಲ್ಲ.