ಚಕ್ರ ಯಾವ ಕಡೆ ಇಳೀತೈತ್ರಿ?

ಕಳೆದ ಭಾನುವಾರದಿಂದ ನನ್ನ ಕಿವಿಯಲ್ಲಿ ಒಂದೇ ಪ್ರಶ್ನೆ ಕುಳಿತಿದೆ: “ಸರ, ಚಕ್ರ ಯಾವ ಕಡೆ ಇಳೀತೈತ್ರಿ?” ಕೇಳಿದವರು ಬೆಳಗಾವಿಯ ಉದ್ಯಮಬಾಗದ ಸಣ್ಣ ಕಾರ್ಖಾನೆಯೊಂದರ ಹಿರಿಯ ಬಡಿಗರು. ಉತ್ತರ ತೋಚದೆ ನಿಂತವನು, 22 ವರ್ಷಗಳಿಂದ ಪಿಯು ಮಕ್ಕಳಿಗೆ ವೃತ್ತೀಯ ಚಲನೆಯ ಪಾಠ ಹೇಳುತ್ತಿರುವ ನಾನು.

ಬೈಲಹೊಂಗಲದ ಹಳೆಯ ಮನೆಯನ್ನು ಕೆಡವುವಾಗ ಉಳಿಸಿಕೊಂಡಿದ್ದ ಸಾಗವಾನಿ ಬಾಗಿಲಿನ ಹಲಗೆಗಳಿಂದ ಮಗಳಿಗೊಂದು ಪುಸ್ತಕದ ಕಪಾಟು ಮಾಡುವ ಆಸೆ ನನ್ನದು. ಮರದೊಳಗೆ ಮೊಳೆಯ ತುಂಡೊಂದು ಉಳಿದಿದ್ದರೂ ಕಿಡಿ ಹಾರಿ ಉಜ್ಜುವ ಯಂತ್ರದ ಧೂಳಿನ ಚೀಲಕ್ಕೆ ಬೆಂಕಿ ಹತ್ತಬಹುದೆಂದು, ಮೊಳೆಗಳನ್ನೆಲ್ಲ ಕಿತ್ತು, ಅಯಸ್ಕಾಂತ ಆಡಿಸಿ ನೋಡಿಕೊಂಡೇ ಹೋಗಿದ್ದೆ. ಕಾರ್ಖಾನೆ ಗೆಳೆಯನದು. ಉಪ್ಪುಕಾಗದ ಅಂಟಿಸಿದ ಚಕ್ರ ನೆಟ್ಟಗೆ ನಿಂತು ತಿರುಗುತ್ತ ಮರ ಉಜ್ಜುವ ಡಿಸ್ಕ್ ಸ್ಯಾಂಡರ್ ತೋರಿಸಿ, “ಹಲಗಿ ಹಚ್ಚು, ಅದ ತಿಂತೈತಿ” ಎಂದವನೇ ಮೊಬೈಲಿನಲ್ಲಿ ಮುಳುಗಿದ. ಒಳ್ಳೆಯ ಮನುಷ್ಯ, ಆದರೆ ಯಂತ್ರದ ಬೆಲೆ ಗೊತ್ತಿರುವಷ್ಟು ಅದರ ಸ್ವಭಾವ ಅವನಿಗೆ ಗೊತ್ತಿಲ್ಲ.

ಮೊದಲ ಹಲಗೆಯ ತುದಿಯನ್ನು ಒಂದೇ ಕಡೆ ಒತ್ತಿ ಹಿಡಿದೆ. ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಅಂಚಿನ ಮೇಲೆ ಕಾಫಿ ಬಣ್ಣದ ಕಲೆ ಮೂಡಿತ್ತು. ಎಡಭಾಗದ ಕಾಗದ ಸವೆದಿರಬೇಕೆಂದು ನನಗೆ ನಾನೇ ತೀರ್ಮಾನಿಸಿ, ಹಲಗೆಯನ್ನು ಚಕ್ರದ ಬಲ ಅರ್ಧಕ್ಕೆ ಸರಿಸಿದೆ. ಅದು ಟೇಬಲ್ಲಿನ ಮೇಲೆ ಒಮ್ಮೆ ಕಟಕಟನೆ ಕುಣಿದು, ಮೇಲೆದ್ದು, ನನ್ನ ಮಣಿಕಟ್ಟಿಗೆ ಬಡಿದು ಹಿಂದಿನ ಗೋಡೆಗೆ ಹೋಗಿ ಬಿತ್ತು. ಗೆಳೆಯ ತಲೆ ಎತ್ತಿ, “ಏನಾತೋ?” ಎಂದ. ಬಡಿಗರು ಮಾತ್ರ ನಿಧಾನವಾಗಿ ಎದ್ದು ಬಂದು ಸ್ವಿಚ್ ಆರಿಸಿ, ಮೊದಲು ನನ್ನ ಕೈಯ ಬಟ್ಟೆಯ ಗವಸುಗಳನ್ನು ತೆಗೆಸಿದರು. ಅವುಗಳ ದಾರ ಚಕ್ರಕ್ಕೆ ಸಿಕ್ಕರೆ ಕೈಯನ್ನೂ ಒಳಗೆ ಎಳೆಯುತ್ತದಂತೆ. ಆಮೇಲೆ ಆ ಪ್ರಶ್ನೆ ಕೇಳಿದರು.

ಆ ಚಕ್ರ ಎಡಕ್ಕೆ ಇಳಿಯುತ್ತದೆ, ಬಲಕ್ಕೆ ಏರುತ್ತದೆ. ಇಳಿಯುವ ಅರ್ಧ ಹಲಗೆಯನ್ನು ಟೇಬಲ್ಲಿಗೆ ಒತ್ತಿ ಹಿಡಿದರೆ, ಏರುವ ಅರ್ಧ ಅದನ್ನು ಎತ್ತಿ ಎಸೆಯುತ್ತದೆ. 12 ಇಂಚಿನ ತಟ್ಟೆ ನಿಮಿಷಕ್ಕೆ 1400 ಸುತ್ತು ತಿರುಗಿದರೆ ಅದರ ಹೊರ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಧಾರವಾಡದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸಿನಷ್ಟು, ಕೇಂದ್ರದಲ್ಲಿ ಸೊನ್ನೆ. ಇದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೂ ವೇಗ ಹೆಚ್ಚಿರುವ ಹೊರ ಅಂಚಿನಲ್ಲಿ ನಿಲ್ಲಿಸಿದರೆ ಮರ ಸುಡುತ್ತದೆಂಬುದು ಕೈಗೆ ಹೊಳೆಯಲಿಲ್ಲ.

ಬಡಿಗರು ಹಳೆಯ ಬೂಟಿನ ಕ್ರೇಪ್ ರಬ್ಬರಿನ ಅಟ್ಟೆಯನ್ನು ತಿರುಗುವ ಕಾಗದಕ್ಕೆ ಹಿಡಿದರು; ಸಾಗವಾನಿಯ ಎಣ್ಣೆ ಅಂಟಿ ಕಟ್ಟಿಕೊಂಡಿದ್ದ ಪುಡಿಯೆಲ್ಲ ಉದುರಿ, ಕಂದುಗಟ್ಟಿದ್ದ ಕಾಗದ ಮತ್ತೆ ಕೆಂಪಾಯಿತು. ಕಾಗದ ಸವೆದಿರಲೇ ಇಲ್ಲ. ನಂತರ ಅವರು ಹಲಗೆಯ ತುದಿಯನ್ನು ಹಗುರವಾಗಿ ತಾಗಿಸಿ, ಇಳಿಯುವ ಅರ್ಧದೊಳಗೇ ಆಚೀಚೆ ಆಡಿಸುತ್ತ, ನಡುನಡುವೆ ಹಿಂದಕ್ಕೆ ಎಳೆದುಕೊಂಡರು. ಕಲೆ ಮೂರೇ ಸಲಕ್ಕೆ ಹೋಯಿತು. ಹಲಗೆಯ ಉದ್ದದ ಅಂಚನ್ನು ಮಾತ್ರ ಚಕ್ರಕ್ಕೆ ಕೊಡಲು ಒಪ್ಪಲಿಲ್ಲ. ಅಷ್ಟುದ್ದದ್ದು ಏರುವ ಅರ್ಧಕ್ಕೂ ತಾಗುತ್ತದೆ, ನಡುವೆ ಚಕ್ರ ಕೊರೆಯುವುದೇ ಇಲ್ಲ, ಗೆರೆ ನೇರ ಬರುವುದಿಲ್ಲ. ಅದಕ್ಕೆ ರಂಧಾ, ಅಂದರೆ ಮರ ಹೆರೆಯುವ ಕೀಸುಳಿ, ಹೊಡೆಯಬೇಕು. ಚಕ್ರ ಬಿಟ್ಟ ಬಿಲ್ಲಿನಾಕಾರದ ಗೀರುಗಳನ್ನು 120 ನಂಬರಿನ ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಲು ನನ್ನನ್ನು ಕೂರಿಸಿದರು.

ಅವರು ಬೈದಿದ್ದರೆ ಭಾನುವಾರ ಸಂಜೆಗೇ ಮರೆತುಬಿಡುತ್ತಿದ್ದೆ. ನಾನು ತರಗತಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿರುತ್ತದೆ. ಅವರ ಪ್ರಶ್ನೆಯ ಉತ್ತರ ನನ್ನ ಕಣ್ಣೆದುರೇ ತಿರುಗುತ್ತಿತ್ತು. ಬುಧವಾರ ತರಗತಿಯಲ್ಲಿ ಲೆಕ್ಕ ಬರೆಸುವ ಬದಲು, ತಲೆಯ ಮೇಲಿನ ಫ್ಯಾನು ಯಾವ ಕಡೆ ತಿರುಗುತ್ತದೆ ಎಂದು ಕೇಳಿದೆ. ಎಲ್ಲರೂ ಮೇಲೆ ನೋಡಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಕರೆಂಟ್ ಹೋಗೇತ್ರಿ ಸರ” ಎಂದಳು.