ಟಾರ್‌ನಿಂದ ಬಂದವರಿಗೆ ಬಾಗಿಲು ತೆಗೆಯೋದು ಹೇಗೆ?

ಸುಮ್ನೆ ಕೂತು ಲಿಬೆರಾ ಚಾಟ್‌ನ ಟಾರ್ ನಿಯಮಗಳನ್ನು ಓದುತ್ತಿದ್ದೆ. ಟಾರ್ ಅಂದ್ರೆ ಇಂಟರ್ನೆಟ್‌ನಲ್ಲಿ ನಾವು ಎಲ್ಲಿಂದ ಬಂದೆವು ಅನ್ನೋದನ್ನು ಮರೆಮಾಡುವ ಜಾಲ. ಲಿಬೆರಾ ಒಂದು ಐಆರ್‌ಸಿ ನೆಟ್‌ವರ್ಕ್. ಐಆರ್‌ಸಿ ಅಂದ್ರೆ 1988ರ ಹಳೇ ಚಾಟ್ ವ್ಯವಸ್ಥೆ, ಆದರೂ ಲಿನಕ್ಸ್ ಮಂದಿ ಈಗಲೂ ಅಲ್ಲೇ ಹರಟುತ್ತಾರೆ. 2021ರಲ್ಲಿ ಫ್ರೀನೋಡ್ ಅನ್ನೋ ಇನ್ನೊಂದು ಐಆರ್‌ಸಿ ನೆಟ್‌ವರ್ಕ್ ಬಿಟ್ಟು ಬಂದ ಸ್ವಯಂಸೇವಕರು ಲಿಬೆರಾ ಕಟ್ಟಿದರು. ಸಂಬಳಗಿಂಬಳ ಏನೂ ಇಲ್ಲ.

ಮಾಮೂಲಿಯಾಗಿ ಯಾರಾದರೂ ಕಿರಿಕ್ ಮಾಡಿದರೆ ಅವರ ಐಪಿ ವಿಳಾಸವನ್ನೇ ಬ್ಲಾಕ್ ಮಾಡುತ್ತಾರೆ. ಟಾರ್‌ನಲ್ಲಿ ಈ ಆಟ ನಡೆಯಲ್ಲ. ಹೊರಗಿನವರಿಗೆ ಕಾಣೋದು ಎಕ್ಸಿಟ್ ನೋಡ್, ಅಂದ್ರೆ ಟಾರ್ ಜಾಲದ ಕೊನೆಯ ಕಂಪ್ಯೂಟರಿನ ಐಪಿ ಮಾತ್ರ. ಒಂದೇ ನೋಡ್ ಹಿಂದೆ ಯಾರಿಗೋ ಹೆದರಿ ಅಡಗಿರುವ ಪತ್ರಕರ್ತೆ ಇರಬಹುದು, ರಾತ್ರಿಯಿಡೀ ಸ್ಪ್ಯಾಮ್ ಸುರಿಯುವ ಪುಂಡನೂ ಇರಬಹುದು. ಬ್ಲಾಕ್ ಮಾಡಿದರೆ ಇಬ್ಬರೂ ಹೊರಗೆ. ಪುಂಡ ಮಾತ್ರ ಇನ್ನೊಂದು ನೋಡ್ ಹಿಡಿದು ಕ್ಷಣದಲ್ಲಿ ಹಾಜರ್!

ಲಿಬೆರಾದವರು ಕಂಡುಕೊಂಡ ದಾರಿ ಇದು. ಮೊದಲು ಟಾರ್ ಇಲ್ಲದೆ ಬಂದು ಖಾತೆ ತೆರೆಯಬೇಕು. ಅದಕ್ಕೆ ನಿಮ್ಮ ಸರ್ಟಿಫಿಕೇಟಿನ (ನೀವೇ ಅಂತ ತೋರಿಸುವ ಡಿಜಿಟಲ್ ಫೈಲ್) ಫಿಂಗರ್‌ಪ್ರಿಂಟ್, ಅಂದ್ರೆ ಅದನ್ನು ಗುರುತಿಸುವ ಚಿಕ್ಕ ಕೋಡ್, ಸೇರಿಸಬೇಕು. ಆಮೇಲಷ್ಟೇ ಆನಿಯನ್ ವಿಳಾಸದಿಂದ, ಅಂದ್ರೆ ಟಾರ್ ಮೂಲಕ ಮಾತ್ರ ತೆರೆಯುವ ವಿಳಾಸದಿಂದ, ಪ್ರವೇಶ. ಬರೀ ಪಾಸ್‌ವರ್ಡ್ ಸಾಲದು. ಹೀಗಾದರೆ ಐಪಿ ಗೊತ್ತಿಲ್ಲದಿದ್ದರೂ ಖಾತೆಯನ್ನು ಮುಚ್ಚಬಹುದು. ಒಳ್ಳೇ ಉಪಾಯವೇ. ಆದರೆ ಟಾರ್ ನಿಜವಾಗಿ ಬೇಕಿರುವವರಿಗೆ ಆ ಮೊದಲ ಹೆಜ್ಜೆಯೇ ಭಯ ಅಲ್ವಾ? ಒಮ್ಮೆಯಾದರೂ ಟಾರ್ ಬಿಟ್ಟು ಬರಲೇಬೇಕು.

ಹಾಗಂತ ಅವರನ್ನು ಬೈಯೋಕೆ ಮನಸ್ಸು ಬರಲ್ಲ. ಹೊಸದಾಗಿ ಟಾರ್‌ನಿಂದ ಬಂದವರಿಗೆ ಬೇರೆಯದೇ ಒಂದು ಚಾನಲ್ (ಹರಟೆ ಕೋಣೆ) ಕೊಟ್ಟು, ನೋಡಿಕೊಂಡು ಒಳಗೆ ಬಿಡಬಹುದು ಅನ್ನಿಸುತ್ತೆ. ಆದರೆ ಆ ಚಾನಲ್ ಕಾಯೋಕೂ ರಾತ್ರಿ ಎರಡು ಗಂಟೆಗೆ ಪುಕ್ಕಟೆಯಾಗಿ ಎದ್ದಿರುವವರು ಬೇಕಲ್ಲ.