ಮೂರನೇ ಕಿತ್ತಳೆ

ಮೂರನೇ ಕಿತ್ತಳೆ 11 ಸೆಕೆಂಡಿಗೇ ಬಂದುಬಿಟ್ಟಿತು. ಮೊದಲನೆಯದು 21 ತಗೊಂಡಿತ್ತು, ಎರಡನೆಯದು 20. ಮಳೆನೀರು ಹರಿಯುವ ರಾಜಕಾಲುವೆಯಲ್ಲಿ ಕಿತ್ತಳೆ ತೇಲಿಬಿಟ್ಟು ನೀರಿನ ವೇಗ ಅಳೆಯುತ್ತಿದ್ದೆವು. ಅಡ್ಡ ಕಟ್ಟಿದ ಹಗ್ಗದಿಂದ ಹಗ್ಗಕ್ಕೆ 10 ಮೀಟರ್. ಸ್ಟಾಪ್‌ವಾಚ್ ಹಿಡಿದಿದ್ದ ಕಾಲೇಜು ಹುಡುಗಿಗೆ "ಲೇಟಾಗಿ ಆನ್ ಮಾಡಿದ್ರಿ ಅನ್ಸುತ್ತೆ, ಇನ್ನೊಂದ್ಸಲ ಮಾಡೋಣ" ಅಂದೆ. "ಇಲ್ಲ ಮೇಡಂ, ಸರಿಯಾಗೇ ಒತ್ತಿದೆ" ಅಂದಳು. ನಾನು ನಂಬಲಿಲ್ಲ. ಫೀಲ್ಡ್ ಬುಕ್ಕಿನಲ್ಲಿ 11ರ ಮೇಲೆ ಗೀಟು ಎಳೆದೆ.

ಇದು ಮೇ ತಿಂಗಳ ಒಂದು ಶನಿವಾರದ ಮಾತು. ನಾನಿರುವುದು ನೀರಿನ ಬಗ್ಗೆ ಸಂಶೋಧನೆ ಮಾಡುವ ಒಂದು ಸಣ್ಣ ತಂಡದಲ್ಲಿ. ವಾರವೆಲ್ಲ ಗೇಜ್ ನೋಡಿಕೊಳ್ಳೋದು, ಡೇಟಾ ಕ್ಲೀನ್ ಮಾಡೋದು. ತಿಂಗಳಿಗೊಂದು ಸಲ ಸಾರ್ವಜನಿಕರನ್ನು ಯಾವುದಾದರೂ ಕೆರೆಯ ಹತ್ತಿರ ಕರೆದುಕೊಂಡು ಹೋಗಿ ಕಾರ್ಯಾಗಾರ ಮಾಡುತ್ತೇವೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಭಾಗ ಇದೇ.

ಯಾವಾಗಲೂ ಬೆಳಿಗ್ಗೆ ಏಳೂವರೆಗೆ ಶುರು ಮಾಡುತ್ತೇವೆ. ಅವತ್ತು ಮಾತ್ರ ಮಧ್ಯಾಹ್ನ 3ಕ್ಕೆ. ದುಡ್ಡು ಕೊಡುವವರು ನೋಡೋಕೆ ಬರ್ತಾರೆ, ಬೆಳಿಗ್ಗೆ ಅವರಿಗೆ ಬಿಡುವಿಲ್ಲ ಅಂತ ಆಫೀಸಿನಿಂದ ಮೇಲ್ ಬಂದಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಮಳೆ ಗುಡುಗಿಕೊಂಡು ಬರೋದೇ ಮಧ್ಯಾಹ್ನದ ಮೇಲೆ. ಇದು ಇಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು. ಬೇಡ ಅಂತ ಒಂದು ಮಾತು ಹೇಳಬೇಕಿತ್ತು. 'ಓಕೆ, ನೋಟೆಡ್' ಅಂತ ಉತ್ತರ ಕಳಿಸಿ ಸುಮ್ಮನಾದೆ.

ಮೊದಲ ಒಂದು ಗಂಟೆ ಹೊಂಗೆ ಮರದ ಕೆಳಗೆ. ಮರಳಿನ ಟ್ರೇ ಇಟ್ಟು ನಮ್ಮ ಊರಿನ ದಿಣ್ಣೆ ತೋರಿಸಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಏಣಿನ ಮೇಲೆ ಕೂತಿರುವ ಊರು. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಆಮೇಲೆ ನನ್ನ ಮೆಚ್ಚಿನ ಲೆಕ್ಕ: 1 ಚದರ ಕಿಲೋಮೀಟರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಕೋಟಿ ಲೀಟರ್ ನೀರು. ಒಬ್ಬ ಹಿರಿಯರು ಫೋನ್ ತೆಗೆದು ಗುಣಿಸಿ ನೋಡಿ, ಹೌದಲ್ಲ ಅಂದರು. "ಮಣ್ಣಿದ್ದರೆ ಒಂದಷ್ಟು ಇಂಗುತ್ತೆ. ಕಾಂಕ್ರೀಟ್ ಆದರೆ ಹೆಚ್ಚೂಕಮ್ಮಿ ಎಲ್ಲಾ ರಾಜಕಾಲುವೆಗೆ, ಅದೂ ನಿಮಿಷಗಳಲ್ಲಿ" ಅಂದೆ. ನಾನೇ ಹೇಳಿದ್ದು.

4 ಗಂಟೆಗೆ ರಾಜಕಾಲುವೆಗೆ ಹೋದೆವು. ಬಂದಿದ್ದ 26 ಜನರಲ್ಲಿ 8 ಮಂದಿ ಗಮ್‌ಬೂಟ್ ಹಾಕಿಕೊಂಡು ಕೆಳಗೆ ಇಳಿದರು. ಎರಡೂ ಕಡೆ ಆಳೆತ್ತರದ ಕಲ್ಲಿನ ಗೋಡೆ. ಹತ್ತಿ ಇಳಿಯೋಕೆ ಗೋಡೆ ಕುಸಿದಿದ್ದ ಒಂದೇ ಒಂದು ಜಾಗ. ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ, ಅಂದರೆ ಸ್ಟಾಫ್ ಗೇಜ್, 22 ಸೆಂಟಿಮೀಟರ್ ತೋರಿಸುತ್ತಿತ್ತು. ತಲೆಯ ಮೇಲೆ ಬಿಸಿಲು. ಉತ್ತರದ ಆಕಾಶವನ್ನು ಒಂದು ಅಪಾರ್ಟ್‌ಮೆಂಟ್ ಪೂರ್ತಿ ಮುಚ್ಚಿತ್ತು. ನಮ್ಮ ಕಾಲುವೆಗೆ ನೀರು ಬರುವುದು ಆ ಕಡೆಯಿಂದಲೇ. ಫೋನಿನಲ್ಲಿ ನಾವಿದ್ದ ಜಾಗ ನೋಡಿದ್ದೆ, ಮಳೆ ಇರಲಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಊರ ತುಂಬಾ ಇವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಆ ಡೇಟಾ ಇಟ್ಟುಕೊಂಡೇ ನಾನು ವರ್ಷವೆಲ್ಲ ಕೆಲಸ ಮಾಡೋದು. ಅವತ್ತು ನೀರು ಬರುವ ಕಡೆಯ ಮಳೆಮಾಪಕ ಏನು ಹೇಳ್ತಿದೆ ಅಂತ ನೋಡಲಿಲ್ಲ.

ನಾಲ್ಕನೇ ಕಿತ್ತಳೆಯನ್ನು ಕೈಗೆ ತಗೊಂಡೆ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಾರೋ ಮೇಲ್ಗಡೆ ಕೆಸರು ಕದಡಿರಬೇಕು ಅಂದುಕೊಂಡೆ. ಒಂದು ತುಂಡು ಥರ್ಮಾಕೋಲ್ ಕಿತ್ತಳೆಗಿಂತ ಜೋರಾಗಿ ಪಕ್ಕದಲ್ಲೇ ಹೋಯಿತು. ಆಗಲೂ ನಾನು ಹೇಳಿದ್ದು, "ಎಲ್ಲರೂ ರೆಡೀನಾ?"

ದಂಡೆಯ ಮೇಲೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೂಗಿದರು. "ಏಯ್, ಮ್ಯಾಕ್ ಬನ್ರೋ! ನೀರ್ ಬತ್ತಾ ಐತೆ!"

ಆ ದನಿ ಕೇಳಿದ ಮೇಲೆ ಎರಡನೇ ಯೋಚನೆ ಬರಲಿಲ್ಲ. ಎಲ್ಲ ಬಿಟ್ಟು ಹತ್ತಿ ಅಂದೆ. ಒಬ್ಬೊಬ್ಬರಾಗಿಯೇ ಹತ್ತಬೇಕು, ಕಲ್ಲು ಜಾರುತ್ತಿತ್ತು. ಆರು ಜನ ಹತ್ತಿದರು. ಏಳನೆಯವರ ಬೂಟು ಹೂಳಿನಲ್ಲಿ ಕಚ್ಚಿಕೊಂಡಿತು. ಅವರು ಬೂಟು ಎಳೆಯೋಕೆ ಬಗ್ಗಿದರು. ನೀರು ಆಗಲೇ ನನ್ನ ಮೊಣಕಾಲು ದಾಟಿ ತಳ್ಳುತ್ತಿತ್ತು. "ಬೂಟು ಬಿಡಿ, ಕಾಲು ಎತ್ತಿ" ಅಂತ ಅವರ ಸೊಂಟದ ಬೆಲ್ಟ್ ಹಿಡಿದು ಎಳೆದೆ. ಮೇಲಿಂದ ಇಬ್ಬರು ಕೈ ಕೊಟ್ಟರು. ಕೊನೆಗೆ ಸ್ಟಾಪ್‌ವಾಚ್ ಹುಡುಗಿ, ಅವಳ ಹಿಂದೆ ನಾನು. ತಿರುಗಿ ನೋಡಿದಾಗ ಹಗ್ಗ ಕಾಣಲಿಲ್ಲ. 4:30ಕ್ಕೆ ಗೇಜ್ 95. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಅಜ್ಜಿಯ ಹತ್ತಿರ ಹೋಗಿ, ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಮೊದ್ಲು ವಾಸ್ನೆ ಬತ್ತದೆ, ಆಮ್ಯಾಕೆ ಕಸ, ಆಮ್ಯಾಕೆ ನೀರು" ಅಂದರು. ಹುಲ್ಲಿನ ಹೊರೆ ತಲೆಗೆ ಎತ್ತಿಕೊಡಿ ಅಂದರು, ಎತ್ತಿಕೊಟ್ಟೆ. ಕೈ ಇನ್ನೂ ನಡುಗುತ್ತಿತ್ತು.

ಆಫೀಸಿನ ರಿಪೋರ್ಟ್ ಫಾರ್ಮಿನಲ್ಲಿ ಎಷ್ಟು ಜನ ಬಂದರು, ಎಷ್ಟು ಫೋಟೋ, ಫೀಡ್‌ಬ್ಯಾಕ್ ಸರಾಸರಿ ಎಷ್ಟು ಅಂತ ಕಾಲಂಗಳಿವೆ. ಇಂಥದ್ದನ್ನು ಬರೆಯೋಕೆ ಜಾಗವೇ ಇಲ್ಲ. 'ಇತರೆ'ಯಲ್ಲಿ ಎಲ್ಲ ಬರೆದೆ. ಹೊರಗೆ ಹೋದ ಪ್ರತಿಯಲ್ಲಿ ಅದು ಇರಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ. ಕಾರ್ಯಾಗಾರಗಳು ಈಗ ಊರಲ್ಲಿ ಎಷ್ಟೊಂದು ನಡೆಯುತ್ತಿವೆ, ಬೇರೆಯವರಿಗೂ ಇದು ತಿಳಿಯಬೇಕು ಅಲ್ವಾ?

ನಮ್ಮ ತಂಡದಲ್ಲಿ ಈಗ ನೀರು ಬರುವ ಕಡೆಯ ಸೇತುವೆಯ ಹತ್ತಿರ ಒಬ್ಬರು ಸೀಟಿ, ಫೋನ್ ಹಿಡಿದು ನಿಲ್ಲುತ್ತಾರೆ. ಅವರಿಗೆ ಬೇರೆ ಕೆಲಸ ಕೊಡುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಮಧ್ಯಾಹ್ನ ಯಾರೂ ಕಾಲುವೆಗೆ ಇಳಿಯೋ ಹಾಗಿಲ್ಲ, ಯಾರೇ ನೋಡೋಕೆ ಬರಲಿ. ರೀಡಿಂಗ್ ಹೊಂದಲಿಲ್ಲ ಅಂದರೆ ಮೊದಲು ಎಲ್ಲರೂ ಮೇಲೆ ಹತ್ತಬೇಕು, ವಾಚ್ ಸರಿಯಿದೆಯಾ ಅನ್ನೋದು ಆಮೇಲೆ.

ರಾತ್ರಿ ಆ ಹುಡುಗಿಗೆ ಫೋನ್ ಮಾಡಿದೆ. ನೀವು ಸರಿಯಾಗೇ ಒತ್ತಿದ್ರಿ, ತಪ್ಪು ನಂದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಹಾಗಾದ್ರೆ ಆ ರೀಡಿಂಗ್ ವಾಪಸ್ ಸೇರಿಸ್ತೀರಾ ಮೇಡಂ?"

ಫೀಲ್ಡ್ ಬುಕ್ ತೆಗೆದು, ಗೀಟಿನ ಪಕ್ಕದಲ್ಲಿ ಮತ್ತೆ 11 ಅಂತ ಬರೆದೆ.